ಒಂದು ಈಡೂ ಹೊಡೆಯದ ಕೋವಿ

ಅಮೆರಿಕದ ಕೋವಿ ಸಂಗ್ರಹಕಾರರಲ್ಲಿ 'ಅನ್‌ಫೈರ್ಡ್' ಅನ್ನೋದು ದೊಡ್ಡ ಬಿರುದು. ಡಬ್ಬಿ, ಕಾಗದಪತ್ರ ಇರಬೇಕು. ಅಂಗಡಿಯ ಟ್ಯಾಗ್ ಕೂಡ ಹಾಗೇ ತೂಗಾಡುತ್ತಿರಬೇಕು. ಕೊಂಡವರು ಒಂದೇ ಒಂದು ಈಡೂ ಹೊಡೆದಿರಬಾರದು. ಈ ಹುಚ್ಚು ನನಗೆ ಒಪ್ಪಿಗೆ ಇಲ್ಲ.

ಇಲ್ಲಿ ಕೋವಿ ಕೊಂಡು ಮಾರುವ ಗನ್ ಶೋಗಳಲ್ಲಿ ಹಳೆಯ ಕೋಲ್ಟ್ ಪೈಥಾನ್ ರಿವಾಲ್ವರ್ ಇಟ್ಟ ಮೇಜಿನ ಹತ್ತಿರ ಸ್ವಲ್ಪ ಹೊತ್ತು ನಿಂತು ನೋಡಿ. ಕೊಳ್ಳುವವರ ಕಣ್ಣು ಹೋಗುವುದು ಸಿಲಿಂಡರ್ ಮೇಲೆ. ಅದು ತಿರುಗುವಾಗ ಕೆಳಗಿನ ಸಣ್ಣ ಲೋಹದ ತುಂಡೊಂದು ಮೈಗೆ ಉಜ್ಜುತ್ತದೆ. ಕಡುನೀಲಿ ಹೊಳಪಿನ ಮೇಲೆ ಸುತ್ತಲೂ ಕೂದಲೆಳೆಯಂಥ ಗೆರೆ ಬೀಳುತ್ತದೆ. ಗೆರೆ ಕಂಡರೆ ಬೆಲೆ ಇಳಿಯಿತು ಅಂತಲೇ ಲೆಕ್ಕ. ಅದಕ್ಕೇ ಎಷ್ಟೋ ಮಾಲೀಕರು ಖಾಲಿ ರಿವಾಲ್ವರಿನ ಕುದುರೆ ಎಳೆಯೋಕೂ ಬಿಡುವುದಿಲ್ಲ. ಕೈಯಿಂದ ಉಜ್ಜಿ ಉಜ್ಜಿ ಆ ಹೊಳಪು ತಂದ ಕೆಲಸಗಾರರು ಅದನ್ನು ತಿರುಗಲಿ ಅಂತಲೇ ಮಾಡಿದ್ದು, ಅಲ್ವಾ?

ಇನ್ನೊಂದು ಮಾತು. ಕೋಲ್ಟ್, ವಿಂಚೆಸ್ಟರ್‌ನಂಥ ಕೋವಿ ಕಂಪನಿಗಳು ಕಾರ್ಖಾನೆಯಲ್ಲೇ ಗುಂಡು ಹೊಡೆದು ಪರೀಕ್ಷಿಸಿ ಕೋವಿಯನ್ನು ಹೊರಗೆ ಕಳಿಸುತ್ತಿದ್ದವು. ವಿಂಚೆಸ್ಟರ್ ನಳಿಗೆಯ ಮೇಲೆ ಪುಟ್ಟ ಅಂಡಾಕಾರದೊಳಗೆ 'ಡಬ್ಲ್ಯೂಪಿ' ಅನ್ನೋ ಮುದ್ರೆ ಇರುತ್ತದಲ್ಲ, ಅದು ಆ ಪರೀಕ್ಷೆಯ ಗುರುತು. ಅಂದರೆ ಈಡು ಆಗಲೇ ಹೊಡೆದಾಗಿದೆ. ಹೊಡೆದದ್ದು ಮಾಲೀಕರಲ್ಲ, ಅಷ್ಟೇ.

ಬೆಲೆ ಏರುತ್ತದೆ ಅಂತ ಕಾಯುವವರು ವಿಂಚೆಸ್ಟರ್ ಸೆಂಟೆನಿಯಲ್ 66 ರೈಫಲ್ಲಿನ ಕಥೆ ನೋಡಬೇಕು. 1866ರ ಮಾಡೆಲ್ಲಿಗೆ ನೂರು ವರ್ಷ ತುಂಬಿದ್ದಕ್ಕೆ 1966ರಲ್ಲಿ ಅದನ್ನು ಬಿಟ್ಟರು. ಬಂಗಾರದ ಲೇಪ, ಎಂಟು ಮೂಲೆಯ ನಳಿಗೆ, ನೋಡೋಕೆ ಭಾರೀ ಚೆಂದ. 1,00,000ಕ್ಕಿಂತ ಜಾಸ್ತಿ ಮಾರಾಟವಾಯಿತು. ಮುಂದೆ ಚಿನ್ನದ ಬೆಲೆ ಬರುತ್ತದೆ ಅಂತ ಎಷ್ಟೋ ಜನ ಡಬ್ಬಿ ಸಮೇತ ಎತ್ತಿಟ್ಟರು. ಎಲ್ಲರೂ ಹೊಸದಾಗಿಯೇ ಇಟ್ಟರೆ ಅಪರೂಪ ಆಗೋದು ಹೇಗೆ? ಅವರು ಅಂದುಕೊಂಡ ಬೆಲೆ ಬರಲೇ ಇಲ್ಲ. ನೆನಪು 1866ರದ್ದಾದರೂ ಮೂಲತಃ ಅದು ಜಿಂಕೆ ಬೇಟೆಗೆ ಹೆಸರಾದ, ವಿಂಚೆಸ್ಟರಿನದೇ ಮಾಡೆಲ್ 94. ಇಷ್ಟು ವರ್ಷ ಕಬ್ಬಿಣದ ಕಪಾಟಿನಲ್ಲಿ ಸುಮ್ನೆ ಮಲಗಿದೆ.

ಎಲ್ಲ ಕೋವಿಗೂ ಈ ಮಾತು ಹೇಳುತ್ತಿಲ್ಲ. 19ನೇ ಶತಮಾನದ ಕೋವಿ, ಲೋಹ ಸೋತಿರುವ ಕೋವಿ, ಎಲ್ಲೂ ಎರಡನೆಯದು ಸಿಗದ ಕೋವಿ, ಇವನ್ನು ಹಾಗೇ ಕಾಪಾಡಬೇಕು. ಅವು ಒಡೆದರೆ ಇತಿಹಾಸದ ಒಂದು ಚೂರು ಹೋದ ಹಾಗೆ. ಲಕ್ಷಗಟ್ಟಲೆ ಮಾಡಿದ ರೈಫಲ್ಲಿಗೆ ಆ ಮಡಿ ಯಾಕೆ?

ಮಡಿ ಅಂದಾಗ ನಮ್ಮ ಕೊಡಗು ನೆನಪಾಗುತ್ತದೆ. ಅಲ್ಲಿನ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗಳನ್ನು ಒರೆಸಿ, ತೋಕ್ ಪೂ ಅಂದರೆ ಕೋವಿ ಹೂವು ಸಿಕ್ಕಿಸಿ, ಪೂಜೆಗೆ ಇಡುತ್ತಾರೆ. ಅದಕ್ಕಿಂತ ದೊಡ್ಡ ಗೌರವ ಬೇರೆ ಯಾವುದಿದೆ? ಹಾಗಂತ ಪೂಜೆ ಮಾಡಿ ಮುಚ್ಚಿಡುವುದಿಲ್ಲ. ಅದೇ ಹಬ್ಬಕ್ಕೆ ಊರೂರಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪೈಪೋಟಿ ನಡೆಯುತ್ತದೆ. ಹೆಣ್ಣುಮಕ್ಕಳೂ ಗುರಿ ಇಡುತ್ತಾರೆ. ಅಜ್ಜನ ಕೋವಿ ಎಷ್ಟು ಒದೆಯುತ್ತದೆ ಅಂತ ಮೊಮ್ಮಗಳ ಭುಜಕ್ಕೂ ಗೊತ್ತಿರುತ್ತದೆ. ಕಪಾಟಿನ ರೈಫಲ್ಲಿನ ಬಗ್ಗೆ ಅದರ ಮಾಲೀಕರಿಗೇ ಅಷ್ಟು ಗೊತ್ತಿರುವುದಿಲ್ಲ.

ನಿಮ್ಮ ಹತ್ತಿರ ಅಂಥದ್ದೊಂದು ವಿಂಚೆಸ್ಟರ್ ಇದ್ದರೆ ಹೊರಗೆ ತೆಗೆಯಿರಿ. ಮೊದಲು ಕೋವಿ ರಿಪೇರಿ ಮಾಡುವವರಿಗೆ ತೋರಿಸಿ. ಹಳೆಯ ಎಣ್ಣೆ ಒಣಗಿ ಗೋಂದಾಗಿರುತ್ತದೆ, ಅದನ್ನು ತೆಗೆಸಿ. ನಳಿಗೆಯೊಳಗೆ ತುಕ್ಕು ಇದೆಯಾ ನೋಡಿಸಿ. ಅದಕ್ಕೆ ಹಾಕುವ 30-30 ತೋಟಾ ಈಗಲೂ ಸಿಗುತ್ತದೆ. ಗುಂಡು ಹೊಡೆಯುವ ರೇಂಜಿಗೆ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗಿ.