ಅವ್ವ ಅಂದ್ರೆ ಉತ್ತರದಾತೆ ಸಂಖ್ಯೆ 17

ನಮ್ಮ ಕಲ್ಯಾಣ ಕರ್ನಾಟಕದ ಬಗ್ಗೆ ಸಂಶೋಧನೆ ಮಾಡೋಕೆ ಒಂದೇ ಅರ್ಹತೆ ಸಾಕು. ನೀವು ಇಲ್ಲಿಯವರಾಗಿರಬಾರದು.

ದೂರದ ವಿದ್ವಾಂಸರು ಕಲಬುರಗಿಗೆ ಬರುವುದು ಡಿಸೆಂಬರಿನಲ್ಲಿ. ಬಿಸಿಲು ಹಿತವಾಗಿರುತ್ತದೆ, ತೊಗರಿ ಹೊಲ ಫೋಟೋಕ್ಕೆ ಒಪ್ಪುತ್ತದೆ. ಎರಡು ದಿನ ಇದ್ದು, ದರ್ಗಾ ನೋಡಿ, ತಹರಿ ತಿಂದು ರೈಲು ಹತ್ತುತ್ತಾರೆ. ಆಮೇಲೆ ‘ಬಿಸಿಲ ನಾಡಿನ ಬದುಕು’ ಅಂತ ಪ್ರಬಂಧ! ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಆಗ ಒಬ್ಬ ಸಂಶೋಧಕನೂ ಕಣ್ಣಿಗೆ ಬೀಳುವುದಿಲ್ಲ. ಇಷ್ಟು ದೂರ ಇರುವುದಕ್ಕೆ ವಸ್ತುನಿಷ್ಠತೆ ಅಂತಾರೆ.

ಯಾದಗಿರಿ ಕಡೆಯ ಹುಡುಗಿಯೊಬ್ಬಳು ಗುಳೆ ಹೋಗುವವರ ಮೇಲೆ ಪಿಎಚ್‌ಡಿ ಮಾಡ್ತಿದ್ದಾಳೆ. ಅವಳು ಸಣ್ಣವಳಿದ್ದಾಗ ಬೆಳೆದದ್ದೇ ಬೆಂಗಳೂರಿನಲ್ಲಿ, ಕಟ್ಟುತ್ತಿದ್ದ ಬಿಲ್ಡಿಂಗಿನ ಪಕ್ಕದ ತಗಡಿನ ಶೆಡ್ಡಿನಲ್ಲಿ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಬೋಗಿಯಲ್ಲಿ, ರೊಟ್ಟಿ ಗಂಟು ತಲೆಗಿಟ್ಟುಕೊಂಡು ಮಲಗಿದವಳು. ಅದನ್ನೇ ಮೊದಲ ಅಧ್ಯಾಯವಾಗಿ ಬರೆದಳು. ಗೈಡ್ ಕನ್ನಡಕ ತೆಗೆದರು. “ಇದು ಅನುಭವಮ್ಮಾ, ಡೇಟಾ ಅಲ್ಲ. ವಿಷಯಕ್ಕೆ ನೀನು ತುಂಬಾ ಹತ್ತಿರ ಇದ್ದೀಯ. ಪ್ರಶ್ನಾವಳಿ ಮಾಡು.”

ಮಾಡಿದಳು. ಹಿಡಿದುಕೊಂಡು ತನ್ನ ಮನೆಗೇ ಹೋದಳು. ಅವ್ವ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು.

“ಗುಳೆ ಹೋಗಲು ಮುಖ್ಯ ಕಾರಣವೇನು?”

“ನಿನಗ ಗೊತ್ತಿಲ್ಲೇನ? ನೀ ನನ್ನ ಬಗಲಾಗೇ ಇದ್ದಿ.”

“ಗೊತ್ತದ ಯವ್ವಾ. ಆದ್ರ ನೀನೇ ಹೇಳಬೇಕು.”

“ಸಾಲ ಇತ್ತು. ಮಳಿ ಇರಲಿಲ್ಲ. ಬರಕೋ.”

“ಒಂದಕ್ಕೇ ಟಿಕ್ ಹಾಕಬೇಕು. ಸಾಲನೋ, ಮಳಿನೋ?”

ಅವ್ವನ ಕೈ ನಿಂತಿತು. “ಮಳಿ ಇಲ್ದಕ್ಕೇ ಸಾಲ ಆಯ್ತು. ಅದಕ್ಕ ಜಾಗ ಇಲ್ಲೇನು ನಿನ್ನ ಹಾಳಿ ಮ್ಯಾಲ?”

ಇರಲಿಲ್ಲ. ಕೊನೆಗೆ ‘ಇತರೆ’ ಅಂತ ಒಂದಿತ್ತು. ಅವ್ವ ಅದರಲ್ಲಿ ಸೇರಿದಳು. ಹೆಸರನ್ನು ಗುಟ್ಟಾಗಿ ಇಡುತ್ತೇವೆ ಅನ್ನುವ ಕಾಗದಕ್ಕೆ ಹೆಬ್ಬೆಟ್ಟನ್ನೂ ಒತ್ತಿದಳು. ಹೀಗೆ ಹೆತ್ತವ್ವ ಉತ್ತರದಾತೆ ಸಂಖ್ಯೆ 17 ಆದಳು.

ಅಮೆರಿಕದ ಸಮಾಜಶಾಸ್ತ್ರಜ್ಞ ಸಿ. ರೈಟ್ ಮಿಲ್ಸ್ 1959ರಲ್ಲೇ ಇದಕ್ಕೆ ಉಲ್ಟಾ ಹೇಳಿದ್ದರು. ನಿಮ್ಮ ಬದುಕಿನ ಅನುಭವವನ್ನೇ ಅಧ್ಯಯನಕ್ಕೆ ಬಳಸಿ, ಅದಕ್ಕೊಂದು ಫೈಲ್ ಇಡಿ ಅಂತ. ಅವರೇ ಕೊಟ್ಟ ಉದಾಹರಣೆ: ಒಂದು ಲಕ್ಷ ಜನರ ಊರಲ್ಲಿ ಒಬ್ಬನಿಗೆ ಮಾತ್ರ ಕೆಲಸ ಇಲ್ಲದಿದ್ದರೆ ಅದು ಅವನ ತಾಪತ್ರಯ. ಐದು ಕೋಟಿ ದುಡಿಯುವವರಲ್ಲಿ ಒಂದೂವರೆ ಕೋಟಿ ಜನರಿಗೆ ಕೆಲಸ ಇಲ್ಲದಿದ್ದರೆ ಅದು ದೇಶದ ಸಮಸ್ಯೆ. ಗೈಡ್ ಇದನ್ನು ಪ್ರತಿ ವರ್ಷ ಪಾಠ ಮಾಡ್ತಾರೆ. ಪರೀಕ್ಷೆಗೂ ಕೊಡ್ತಾರೆ. ಪಾಲಿಸಬೇಕು ಅಂತ ಸಿಲೆಬಸ್ಸಿನಲ್ಲಿ ಎಲ್ಲೂ ಇಲ್ಲ, ಅಲ್ವಾ?

ನಮ್ಮ ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರ ಕಥೆ ಕೇಳಿ. ರಾಂಪುರ ಅಂತ ಅವರು ಕರೆದ ಹಳ್ಳಿಯಲ್ಲಿ 1948ರಲ್ಲಿ ಇದ್ದು ಅಧ್ಯಯನ ಮಾಡಿದರು. ತಿದ್ದಿ ತೀಡಿ ಇಟ್ಟುಕೊಂಡಿದ್ದ ಟಿಪ್ಪಣಿಗಳೆಲ್ಲ 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಬೆಂಕಿಗೆ ಸಿಕ್ಕವು. ಬಹುಮಟ್ಟಿಗೆ ನೆನಪಿನ ಬಲದಿಂದಲೇ ಬರೆದ ಪುಸ್ತಕ 1976ರಲ್ಲಿ ಬಂತು, ಇವತ್ತಿಗೂ ಎಲ್ಲರೂ ಓದುತ್ತಾರೆ. ಅದೇ ಹಸ್ತಪ್ರತಿ ಈಗಿನ ಪಿಎಚ್‌ಡಿ ಸಮಿತಿಯ ಮುಂದೆ ಬಂದಿದ್ದರೆ? “ನೆನಪು ಅಂದ್ರೆ ಯಾವ ವಿಧಾನ ಸಾರ್? ಕೋಷ್ಟಕ ಎಲ್ಲಿ? ಬೆಂಕಿ ಬಿದ್ದದ್ದಕ್ಕೆ ಅಗ್ನಿಶಾಮಕ ಠಾಣೆಯ ಸರ್ಟಿಫಿಕೇಟು, ಮೂರು ಪ್ರತಿ.”

ಹುಡುಗಿ ಊರಿನವರ ಫಾರಂಗಳನ್ನೆಲ್ಲ ತುಂಬಿಸಿ ಒಪ್ಪಿಸಿದಳು. ಎಲ್ಲದರಲ್ಲೂ ಅದೇ ಮಳೆ, ಅದೇ ಸಾಲ, ಮೇಸ್ತ್ರಿ ಕೊಟ್ಟ ಅದೇ ಮುಂಗಡ. ಮಿಲ್ಸ್ ಹೇಳಿದ್ದು ಇದನ್ನೇ. ಗೈಡ್‌ಗೆ ಮಾತ್ರ ಅನುಮಾನ ಬಂತು. “ಎಲ್ಲರದ್ದೂ ಒಂದೇ ಉತ್ತರ! ಸುಮ್ನೆ ಒಂದೇ ಕಡೆ ಕೂತು ತುಂಬಿಸಿದ್ದೀಯಾ? ಸ್ವಲ್ಪ ವೈವಿಧ್ಯ ಇರಲಿ.”

ವೈವಿಧ್ಯ ಹುಡುಕಿಕೊಂಡು ಮತ್ತೆ ಊರಿಗೆ ಹೋದಳು. ಅಷ್ಟರಲ್ಲಿ ಸುಗ್ಗಿ ಮುಗಿದಿತ್ತು, ಅರ್ಧ ಓಣಿಗೆ ಬೀಗ. ಜನ ಬೆಂಗಳೂರಿಗೆ ಹೋಗಿಯಾಗಿತ್ತು. ಗೈಡ್‌ಗೆ ಫೋನ್ ಮಾಡಿ ಕೇಳಿದಳು, ಏನು ಬರೀಲಿ ಸಾರ್ ಅಂತ.

“‘ಪ್ರತಿಕ್ರಿಯೆ ನೀಡಲು ಆಸಕ್ತಿ ತೋರಲಿಲ್ಲ’ ಅಂತ ಬರಿ” ಅಂದರಂತೆ.