ಆ್ಯಂಟಿವೈರಸ್ ದುಡ್ಡು ಎತ್ತಿಟ್ಟು ಹಾರ್ಡ್‌ಡಿಸ್ಕ್ ತಗೊಳ್ಳಿ

ಮನೆಗೆ ಹೊಸ ಲ್ಯಾಪ್‌ಟಾಪ್ ತಂದವರೆಲ್ಲ ಕೇಳೋದು ಇದೊಂದೇ. "ಅಣ್ಣಾರ, ಯಾವ ಆ್ಯಂಟಿವೈರಸ್ ಛಲೋ ಐತ್ರಿ?" ವಿಂಡೋಸ್ 11 ಇದ್ದು, ಬರೀ ಮನೆ ಬಳಕೆ ಆಗಿದ್ದರೆ ನನ್ನ ಉತ್ತರ: ಯಾವುದೂ ಬೇಡ. ಇಷ್ಟು ಹೇಳಿದರೆ ಯಾರಿಗೂ ಸಮಾಧಾನ ಆಗಲ್ಲ. ಅಷ್ಟು ದುಡ್ಡು ಸುರಿದು ತಂದಿದ್ದೀವಿ, ಒಂದು ಕಾವಲು ಬೇಡವಾ ಅಂತಾರೆ. ಬೇಕು. ಆದರೆ ಅದು ಒಳಗೇ ಇದೆ, ನೀವು ಕೊಟ್ಟ ದುಡ್ಡಲ್ಲೇ ಬಂದಿದೆ.

ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ಅಂತ ಟೈಪ್ ಮಾಡಿ ನೋಡಿ. ಡಿಫೆಂಡರ್ ಅಲ್ಲೇ ಕೂತಿರುತ್ತದೆ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಇದು ಪೂರ್ತಿ ಆ್ಯಂಟಿವೈರಸ್ ಆಗಿಯೇ ಬರುತ್ತಿದೆ. ಶುರುವಿನಲ್ಲಿ ಅಷ್ಟಕ್ಕಷ್ಟೇ ಇತ್ತು, ಪರೀಕ್ಷೆಗಳಲ್ಲಿ ಕೊನೆಯ ಬೆಂಚು. ಆಗ "ದುಡ್ಡು ಕೊಟ್ಟು ಬೇರೆ ಹಾಕಿಸಿ" ಅನ್ನೋ ಸಲಹೆ ಸರಿಯಾಗಿಯೇ ಇತ್ತು. ಆ ಸಲಹೆ ಮಾತ್ರ ಅಲ್ಲೇ ನಿಂತುಬಿಟ್ಟಿದೆ, ಡಿಫೆಂಡರ್ ಮುಂದೆ ಹೋಗಿದೆ. ಜರ್ಮನಿಯ ಎವಿ-ಟೆಸ್ಟ್, ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಅಂತ ಎರಡು ಸಂಸ್ಥೆಗಳು ಇವನ್ನೆಲ್ಲ ಸಾಲಾಗಿ ಕೂರಿಸಿ ಪರೀಕ್ಷೆ ಮಾಡುತ್ತವೆ, ಫಲಿತಾಂಶ ಯಾರು ಬೇಕಾದರೂ ಪುಕ್ಕಟೆ ನೋಡಬಹುದು. ಎವಿ-ಟೆಸ್ಟ್‌ನದು 18 ಅಂಕದ ಲೆಕ್ಕ. ರಕ್ಷಣೆಗೆ 6, ಕಂಪ್ಯೂಟರ್ ಸ್ಲೋ ಮಾಡದೇ ಇರೋದಕ್ಕೆ 6, ಸುಮ್ನೆ ಸುಳ್ಳು ಅಲಾರಂ ಹೊಡೆಯದೇ ಇರೋದಕ್ಕೆ 6. ಈಗೀಗ ಡಿಫೆಂಡರ್ ಅಲ್ಲಿ ದುಡ್ಡಿನವುಗಳ ಜೊತೆಗೇ ನಿಲ್ಲುತ್ತದೆ.

ಅದಕ್ಕೊಂದು ಕೊರತೆ ಇದೆ, ಅದನ್ನ ಯಾರೂ ಹೇಳಲ್ಲ. ನೆಟ್ ಇಲ್ಲದಾಗ ಅದು ಹಿಡಿಯೋದು ಕಡಿಮೆ. ಅನುಮಾನ ಬಂದ ಫೈಲ್ ಬಗ್ಗೆ ಮೈಕ್ರೋಸಾಫ್ಟ್‌ನ ಸರ್ವರನ್ನು ಕೇಳಿ ತೀರ್ಮಾನ ಮಾಡೋದು ಅದರ ರೂಢಿ. ಕೇಳೋಕೆ ದಾರಿಯೇ ಇಲ್ಲ ಅಂದ್ರೆ ತಡವರಿಸುತ್ತದೆ.

ಇದು ನಮ್ಮ ಕಡೆ ಯಾಕೆ ಮುಖ್ಯ ಅಂದ್ರೆ, ಇಲ್ಲಿ ವೈರಸ್ ನೆಟ್‌ನಿಂದ ಬರೋದಕ್ಕಿಂತ ಪೆನ್‌ಡ್ರೈವ್‌ನಿಂದ ಬಂದಿದ್ದನ್ನೇ ನಾನು ಜಾಸ್ತಿ ನೋಡಿರೋದು. ಧಾರವಾಡದ ಸಪ್ತಾಪುರಕ್ಕೆ ಹೋಗಿ ನಿಂತರೆ ಗೊತ್ತಾಗುತ್ತದೆ. ಎಲ್ಲಿ ನೋಡಿದರೂ ಕೋಚಿಂಗ್ ಕ್ಲಾಸು, ಓದೋ ಹುಡುಗರು, ಝೆರಾಕ್ಸ್ ಅಂಗಡಿ. ಕೆಎಎಸ್, ಪಿಎಸ್ಐ ನೋಟ್ಸ್ ಪ್ರಿಂಟ್ ಬೇಕು, ಪೆನ್‌ಡ್ರೈವ್ ಕೊಡು. ಹಿಂದಿನವನದು ಕಿತ್ತು ಅದೇ ಜಾಗಕ್ಕೆ ಇವನದು ಚುಚ್ಚು. ದಿನಪೂರ್ತಿ ಇದೇ ಕೆಲಸ, ನಡುವೆ ಸ್ಕ್ಯಾನ್ ಮಾಡುತ್ತಾ ಕೂರೋಕೆ ಅಂಗಡಿಯವನಿಗೆ ಪುರುಸೊತ್ತಾದರೂ ಎಲ್ಲಿದೆ? ರೂಮಿಗೆ ಬಂದು ಪೆನ್‌ಡ್ರೈವ್ ತೆಗೆದರೆ ಒಳಗೆ ಒಂದೇ ಒಂದು ಶಾರ್ಟ್‌ಕಟ್. ನೋಟ್ಸ್ ಎಲ್ಲ ಮಾಯ. ಜೀವ ಬಾಯಿಗೆ ಬರುತ್ತದೆ. ಆದರೆ ಪ್ರಾಪರ್ಟೀಸ್ ನೋಡಿ, ಜಾಗ ತುಂಬಿಯೇ ಇರುತ್ತದೆ. ಫೈಲ್ ಎಲ್ಲೂ ಹೋಗಿಲ್ಲ, ಹಿಡನ್ ಆಗಿವೆ ಅಷ್ಟೇ. ಆ ಶಾರ್ಟ್‌ಕಟ್ ಒತ್ತಿದರೆ ನಿಮ್ಮ ಫೋಲ್ಡರೂ ತೆರೆಯುತ್ತದೆ, ಹಿಂದೆ ಗೊತ್ತಾಗದ ಹಾಗೆ ವೈರಸ್ಸೂ ಓಡುತ್ತದೆ. ಅದು ಕಾಯುತ್ತಿರೋದೇ ಆ ಒಂದು ಕ್ಲಿಕ್‌ಗೆ. ಹಾಗಾಗಿ ಒತ್ತಬೇಡಿ. ನೆಟ್ ಆನ್ ಇಟ್ಟುಕೊಂಡು, ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಫೆಂಡರ್‌ನಿಂದ ಸ್ಕ್ಯಾನ್ ಹಾಕಿ, ಆಮೇಲೆ ಹಿಡನ್ ಫೈಲ್ ತೋರಿಸೋ ಹಾಗೆ ಮಾಡಿ ನಿಮ್ಮ ನೋಟ್ಸ್ ಎತ್ತಿಕೊಳ್ಳಿ. ಇಲ್ಲಾ, ಅಂಗಡಿಗೆ ಪಿಡಿಎಫ್ ಅನ್ನು ವಾಟ್ಸ್‌ಆ್ಯಪ್‌ನಲ್ಲೇ ಕಳಿಸಿಬಿಡಿ, ಪೆನ್‌ಡ್ರೈವ್ ಸಹವಾಸವೇ ಬೇಡ. (ಆಧಾರ್ ಕಾರ್ಡ್ ಕಳಿಸಿದರೆ ನಿಂತು ಡಿಲೀಟ್ ಮಾಡಿಸಿಕೊಂಡು ಬನ್ನಿ.)

ವೈರಸ್ ಬರೋ ಎರಡನೇ ದಾರಿ ಕ್ರ್ಯಾಕ್, ಅಂದ್ರೆ ದುಡ್ಡಿನ ಸಾಫ್ಟ್‌ವೇರನ್ನ ಪುಕ್ಕಟೆ ಓಡಿಸೋಕೆ ಮಾಡಿದ ಕಳ್ಳ ಫೈಲು. ಇದರ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ. ಹುಬ್ಬಳ್ಳಿಯಲ್ಲಿ ಕಡಿಮೆ ರೇಟಿಗೆ ಸಿಸ್ಟಮ್ ಅಸೆಂಬಲ್ ಮಾಡಿಸಿದ್ದೀವಿ ಅಂತ ತಂದು ತೋರಿಸುತ್ತಾರೆ. ವಿಂಡೋಸ್ ಪೈರೇಟೆಡ್, ಆಫೀಸ್ ಪೈರೇಟೆಡ್, ಫೋಟೋಶಾಪ್ ಕೂಡ ಅದೇ. ಅದನ್ನೆಲ್ಲ ಆಕ್ಟಿವೇಟ್ ಮಾಡೋ ಟೂಲ್ ಓಡಬೇಕಾದರೆ ಡಿಫೆಂಡರ್ ಬಿಡಲ್ಲ, ಅದಕ್ಕೆ ಡಿಫೆಂಡರನ್ನೇ ಆಫ್ ಮಾಡಿರುತ್ತಾರೆ, ಇಲ್ಲಾ ಇಡೀ ಸಿ ಡ್ರೈವನ್ನೇ ಎಕ್ಸ್‌ಕ್ಲೂಷನ್ ಪಟ್ಟಿಗೆ ಸೇರಿಸಿರುತ್ತಾರೆ, ಅಂದ್ರೆ 'ಈ ಕಡೆ ನೋಡಲೇಬೇಡ' ಅಂತ ಹೇಳಿಟ್ಟ ಹಾಗೆ. ಇಷ್ಟು ಮಾಡಿ ಕೊನೆಗೆ ಬಿಲ್ಲಿನಲ್ಲಿ ಒಂದು ವರ್ಷದ ಆ್ಯಂಟಿವೈರಸ್ ಸೇರಿಸುತ್ತಾರೆ! ಕ್ರ್ಯಾಕ್ ಫೈಲ್ ಜೊತೆ ಬರೋ ರೀಡ್‌ಮಿ ಓದಿ, 'ಮೊದಲು ಆ್ಯಂಟಿವೈರಸ್ ಆಫ್ ಮಾಡಿ' ಅಂತಲೇ ಎಷ್ಟೋ ಕಡೆ ಇರುತ್ತದೆ. ಕಾವಲುಗಾರನನ್ನ ನೀವೇ ಊಟಕ್ಕೆ ಕಳಿಸಿದ ಮೇಲೆ ಅವನು ಯಾವ ಕಂಪನಿಯವನಾದರೇನು? ಸ್ಟಾಪ್ ಅನ್ನೋ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್ 2018ರಿಂದ ಮನೆ ಕಂಪ್ಯೂಟರ್‌ಗಳಿಗೆ ಹಬ್ಬಿದ್ದು ಹೆಚ್ಚಾಗಿ ಇಂಥ ಕ್ರ್ಯಾಕ್, ಕಳ್ಳ ಲೈಸೆನ್ಸ್ ನಂಬರ್ ಹುಟ್ಟಿಸೋ ಕೀಜೆನ್‌ಗಳ ಹೊಟ್ಟೆಯಲ್ಲೇ. ಮಕ್ಕಳ ಫೋಟೊ, ಮದುವೆ ವಿಡಿಯೊ ಎಲ್ಲದಕ್ಕೂ ಬೀಗ, ಪಕ್ಕದಲ್ಲಿ ಡಾಲರ್ ಕೇಳೋ ಒಂದು ಚೀಟಿ. ವರ್ಡ್, ಎಕ್ಸೆಲ್ ಸಾಕು ಅನ್ನೋರಿಗೆ ಲಿಬ್ರೆಆಫೀಸ್ ಪುಕ್ಕಟೆ ಇದೆ, ಅಲ್ವಾ?

ಹಾಗಂತ ದುಡ್ಡಿನ ಆ್ಯಂಟಿವೈರಸ್ ಯಾರಿಗೂ ಬೇಡ ಅಂತಲ್ಲ. ಗದಗಿನ ಪ್ರೆಸ್‌ಗಳನ್ನೇ ತಗೊಳ್ಳಿ. ಮುದ್ರಣದ ಊರು ಅದು. ಡಿಟಿಪಿ ಮಾಡೋರ ಹತ್ತಿರ ಇನ್ನೂ ವಿಂಡೋಸ್ 7 ಮಷೀನ್ ಇವೆ, ಯಾಕಂದ್ರೆ ಪುಟ ಜೋಡಿಸೋ ಹಳೇ ಪೇಜ್‌ಮೇಕರ್, ಹಳೇ ಕನ್ನಡ ಫಾಂಟ್ ಎಲ್ಲ ಅದರಲ್ಲಿ ಕೂತುಬಿಟ್ಟಿವೆ, ಹೊಸದಕ್ಕೆ ಹೋದರೆ ಇಪ್ಪತ್ತು ವರ್ಷದ ಲಗ್ನಪತ್ರಿಕೆ ಫೈಲು ತೆಗೆಯೋಕೆ ಬರಲ್ಲ ಅನ್ನೋ ಭಯ. ಭಯ ಸುಳ್ಳೂ ಅಲ್ಲ. ನೆಟ್ ಇಲ್ಲ, ದಿನಾ ಗಿರಾಕಿಗಳ ಪೆನ್‌ಡ್ರೈವ್, ಅಪ್‌ಡೇಟ್ ನಿಂತ ವಿಂಡೋಸ್. ಇಂಥ ಕಡೆ ಪುಣೆಯ ಕ್ವಿಕ್ ಹೀಲೋ, ಚೆನ್ನೈನ ಕೆ7ಓ, ಇನ್ಯಾವುದೋ, ಹಳೇ ವಿಂಡೋಸ್‌ಗೆ ಈಗಲೂ ನಡೆಯುತ್ತಾ ಅಂತ ಕೇಳಿ ಹಾಕಿಸಿ. ಆದರೆ ಅದೊಂದನ್ನೇ ನಂಬಿ ಕೂರಬೇಡಿ. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಅನ್ನೋ ರ‍್ಯಾನ್ಸಮ್‌ವೇರ್ ಜಗತ್ತನ್ನೆಲ್ಲ ಅಲ್ಲಾಡಿಸಿತಲ್ಲ, ಅದು ನುಗ್ಗಿದ ಕಿಂಡಿಯನ್ನು ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮುಚ್ಚಿತ್ತು. ಸಿಕ್ಕಿಬಿದ್ದವರು ಬಹುಪಾಲು ಅಪ್‌ಡೇಟ್ ಹಾಕದ ವಿಂಡೋಸ್ 7ರವರು.

ವಿಂಡೋಸ್ 10ರವರಿಗೂ ಇದೇ ಮಾತು. ಅದರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಹೆಸರು ನೋಂದಾಯಿಸಿದವರಿಗೆ ಮಾತ್ರ ಇನ್ನೊಂದು ವರ್ಷ. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು 2028ರವರೆಗೂ ಬರುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ, ಅದನ್ನ ಓದಿ ನಿಶ್ಚಿಂತೆಯಿಂದ ಇರಬೇಡಿ. ವಿಂಡೋಸ್‌ನಲ್ಲೇ ಇರೋ ತೂತನ್ನ ಅದು ಮುಚ್ಚಲ್ಲ.

ಇಷ್ಟಾದರೂ ನನಗೊಂದು ಬೇಕೇ ಬೇಕು ಅನ್ನೋರು ಸಾದಾ ಆ್ಯಂಟಿವೈರಸ್ ತಗೊಳ್ಳಿ. ಟೋಟಲ್, ಅಲ್ಟಿಮೇಟ್ ಅಂತ ವಿಪಿಎನ್ ಎಲ್ಲ ಸೇರಿಸಿ ಮಾರೋದು ಬೇಡ. ಒಂದೇ ಇರಲಿ, ಎರಡು ಹಾಕಿದರೆ ಅವೇ ಒಂದಕ್ಕೊಂದು ಜಗಳ ಆಡುತ್ತವೆ. ಪುಕ್ಕಟೆಯವುಗಳ ಬಗ್ಗೆ ಇನ್ನೂ ಹುಷಾರು. ಅವಾಸ್ಟ್ ತನ್ನ ಬಳಕೆದಾರರು ಯಾವ್ಯಾವ ವೆಬ್‌ಸೈಟ್ ನೋಡುತ್ತಾರೆ ಅನ್ನೋ ಮಾಹಿತಿಯನ್ನೇ ಮಾರಿದ್ದು 2020ರಲ್ಲಿ ದೊಡ್ಡ ಸುದ್ದಿಯಾಯಿತು, 2024ರಲ್ಲಿ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯೋ ಸರ್ಕಾರಿ ಸಂಸ್ಥೆ ಎಫ್‌ಟಿಸಿ 165 ಲಕ್ಷ ಡಾಲರ್ ಕಟ್ಟಿಸಿತು. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಮುಗಿದ ಮೇಲೆ ಅದನ್ನ ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ಆನ್ ಆಗಿದೆಯಾ ನೋಡಿ.

ಇನ್ನು "ನಿಮ್ಮ ಕಂಪ್ಯೂಟರಿನಲ್ಲಿ ವೈರಸ್ ಇದೆ, ಈ ನಂಬರಿಗೆ ಫೋನ್ ಮಾಡಿ" ಅಂತ ಮೂಲೆಯಲ್ಲಿ ಕೆಂಪಗೆ ಬರೋದು ವೈರಸ್ಸೂ ಅಲ್ಲ, ಆ್ಯಂಟಿವೈರಸ್ಸೂ ಅಲ್ಲ. ಯಾವುದೋ ಸೈಟ್‌ಗೆ ನೀವೇ 'ಅಲೋ' ಒತ್ತಿದ ನೋಟಿಫಿಕೇಶನ್. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ತೆಗೆದುಹಾಕಿ. ಫೋನ್ ಮಾಡಿ, ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸೋಕೆ ಬಿಡೋ ಎನಿಡೆಸ್ಕ್ ಹಾಕಿಸಿಕೊಂಡು ದುಡ್ಡು ಕಳ್ಕೊಂಡಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಒಟಿಪಿ ನೀವಾಗಿಯೇ ಓದಿ ಹೇಳಿದರೆ ಯಾವ ಸಾಫ್ಟ್‌ವೇರೂ ತಡೆಯಲ್ಲ.

ಈಗ ಹಾರ್ಡ್‌ಡಿಸ್ಕ್ ವಿಷಯ. ಕೆಲವು ವರ್ಷದ ರಿನ್ಯೂವಲ್ ದುಡ್ಡು ಕೂಡಿಸಿದರೆ ಒಂದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬರುತ್ತದೆ. ವೈರಸ್ಸೇ ಬರಲಿ, ಲ್ಯಾಪ್‌ಟಾಪ್ ಕೈಜಾರಿ ಬೀಳಲಿ, ಮೇಲೆ ಚಹಾ ಚೆಲ್ಲಲಿ, ಫೋಟೊ ಉಳಿಯುತ್ತವೆ. ಇದನ್ನ ಯಾವ ಆ್ಯಂಟಿವೈರಸ್ ಮಾಡುತ್ತದೆ? ತಿಂಗಳಿಗೊಮ್ಮೆ ಕಾಪಿ ಮಾಡಿ. ಮುಗಿದ ಕೂಡಲೇ ಕೇಬಲ್ ಕಿತ್ತು ಕಪಾಟಿನಲ್ಲಿ ಇಡಿ, ಯಾಕಂದ್ರೆ ಚುಚ್ಚಿಯೇ ಬಿಟ್ಟಿದ್ದರೆ ರ‍್ಯಾನ್ಸಮ್‌ವೇರ್ ಬಂದಾಗ ಅದಕ್ಕೂ ಬೀಗ ಬೀಳುತ್ತದೆ.