ಬೀಳಬೇಡಿ ಎಂದು ಹೇಳಲು ಎರಡನೇ ಮಹಡಿಗೆ ಕರೆದರು

ಅಕ್ಟೋಬರ್ 1 ಬಂತೆಂದರೆ ಹಿರಿಯರ ಮೇಲೆ ಎಲ್ಲರಿಗೂ ಒಮ್ಮೆಲೇ ಪ್ರೀತಿ ಉಕ್ಕುತ್ತದೆ. ವಿಶ್ವಸಂಸ್ಥೆ ಆ ದಿನವನ್ನು ಅವರಿಗೆಂದೇ ಎತ್ತಿಟ್ಟಿದೆ. ಅವತ್ತು ‘ವಯಸ್ಸಾದವರು ಬೀಳದಂತೆ ತಡೆಯುವುದು ಹೇಗೆ’ ಎಂಬ ಜಾಗೃತಿ ಕಾರ್ಯಕ್ರಮ ಇಟ್ಟುಕೊಳ್ಳುತ್ತಾರೆ. ಎಲ್ಲಿ? ಎರಡನೇ ಮಹಡಿಯ ಸಭಾಂಗಣದಲ್ಲಿ. ಲಿಫ್ಟ್ ಕೆಟ್ಟಿರುತ್ತದೆ. ಮೆಟ್ಟಿಲಿಗೆ ಒಂದೇ ಕಡೆ ರೇಲಿಂಗ್, ಅದಕ್ಕೂ ಅಲಂಕಾರದ ಕಾಗದ ಸುತ್ತಿರುತ್ತಾರೆ. ನೆಲವಂತೂ ಗಣ್ಯರು ಮುಖ ನೋಡಿಕೊಳ್ಳುವಷ್ಟು ಪಾಲಿಶ್. ಹತ್ತಿ ಬಂದವರಿಗೆ ಉಪದೇಶ ಬೇಕಿಲ್ಲ, ಬೇಕಿದ್ದವರು ಹತ್ತಿ ಬರಲಿಲ್ಲ.

ಭಾಷಣದ ಸಾರ ಇಷ್ಟೇ: ಹುಷಾರಾಗಿ ನಡೆಯಿರಿ. ಇಷ್ಟು ದಿನ ಅವರು ಬೇಕೆಂದೇ ಬೀಳುತ್ತಿದ್ದರು ಅನ್ನುವ ಹಾಗೆ! 65 ದಾಟಿದವರಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಅಷ್ಟೂ ಜನ ಮೈಮರೆತು ನಡೆಯುವವರಾ? ಆದರೆ ರೇಲಿಂಗ್ ಹಾಕಿಸಲು ದುಡ್ಡು ಬೇಕು, ಬುದ್ಧಿ ಹೇಳಲು ಮೈಕ್ ಸಾಕು.

ಮಾತ್ರೆಗಳ ಕಥೆ ಇನ್ನೂ ಸೊಗಸು. ಒಬ್ಬ ಡಾಕ್ಟರು ನಿದ್ದೆಗೆ ಬರೆಯುತ್ತಾರೆ. ಇನ್ನೊಬ್ಬರು ಮೈಯ ನೀರು ಇಳಿಯಲೆಂದು ಬರೆಯುತ್ತಾರೆ. ಮೂರನೆಯವರು ಬಿಪಿ ತಗ್ಗಿಸುತ್ತಾರೆ. ಮೂವರೂ ತಮ್ಮ ತಮ್ಮ ಕೆಲಸದಲ್ಲಿ ನಿಪುಣರೇ. ರಾತ್ರಿ ಎರಡು ಗಂಟೆಗೆ ನೀರಿನ ಮಾತ್ರೆ ‘ಏಳು’ ಅನ್ನುತ್ತದೆ, ನಿದ್ದೆಯ ಮಾತ್ರೆ ‘ಮಲಗು’ ಅನ್ನುತ್ತದೆ, ಎದ್ದು ನಿಂತೊಡನೆ ಬಿಪಿ ಸರ್ರನೆ ಇಳಿದು ಕಣ್ಣು ಕತ್ತಲೆ ಕಟ್ಟುತ್ತದೆ. ಅಜ್ಜ ಕತ್ತಲಲ್ಲಿ ಬಚ್ಚಲಿನ ದಾರಿ ಹುಡುಕುತ್ತಾರೆ. ಮೂರೂ ಚೀಟಿಗಳನ್ನು ಒಂದೇ ಮೇಜಿನ ಮೇಲಿಟ್ಟು ನೋಡುವ ಕೆಲಸ ಮಾತ್ರ ಯಾರ ಪಾಲಿಗೂ ಬಂದಿಲ್ಲ. ಬಿದ್ದ ಮೇಲೆ ಸೊಂಟದ ಮೂಳೆಗೆ ನಾಲ್ಕನೆಯವರು ಸಿಗುತ್ತಾರೆ, ಅವರೂ ನೋವಿಗೊಂದು ಮಾತ್ರೆ ಬರೆಯುತ್ತಾರೆ.

ಬೀಳುವ ಸಾಧ್ಯತೆ ಯಾರಿಗೆ ಜಾಸ್ತಿ ಎಂದು ಅಂದಾಜು ಮಾಡಲು ಒಂದು ಸುಲಭದ ಪರೀಕ್ಷೆ ಇದೆ. ಕುರ್ಚಿಯಿಂದ ಏಳಬೇಕು, 3 ಮೀಟರ್ ನಡೆಯಬೇಕು, ತಿರುಗಿ ಬಂದು ಕೂರಬೇಕು. 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಹಿಡಿದರೆ ಎಚ್ಚರ ವಹಿಸಬೇಕು. ಒಂದು ಕುರ್ಚಿ, ಒಂದು ಗಡಿಯಾರ, ಅಷ್ಟೇ. ಇದರ ದೊಡ್ಡ ದೋಷವೇನೆಂದರೆ ಉದ್ಘಾಟನೆಗೆ ಇದರಲ್ಲಿ ಏನೂ ಇಲ್ಲ. ರಿಬ್ಬನ್ ಎಲ್ಲಿ ಕಟ್ಟುವುದು, ಕುರ್ಚಿಯ ಕಾಲಿಗಾ?

ಕಾಲಿಗೆ ಬಲ ತುಂಬುವ, ಸಮತೋಲ ಕಲಿಸುವ ವ್ಯಾಯಾಮದಿಂದ ಬೀಳುವುದು ಸುಮಾರು ಕಾಲು ಭಾಗದಷ್ಟು ತಗ್ಗುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಮನೆಯವರ ಚಿಕಿತ್ಸೆಯೇ ಬೇರೆ: ‘ಸುಮ್ನೆ ಒಂದು ಕಡೆ ಕೂತಿರಿ.’ ಕೂತು ಕೂತು ತೊಡೆ ಸೊರಗುತ್ತದೆ. ಸೊರಗಿದ ಕಾಲು ತಡವರಿಸುತ್ತದೆ. ಆಗ ‘ನೋಡಿದ್ರಾ, ಎದ್ದು ಓಡಾಡಬೇಡಿ ಅಂತ ಹೇಳಿರಲಿಲ್ವಾ’ ಎಂಬ ವಿಜಯೋತ್ಸವ. ಬಚ್ಚಲಲ್ಲಿ ಹಿಡಿದುಕೊಳ್ಳಲು ಗಟ್ಟಿಯಾದ ಕಂಬಿ ಹಾಕಿಸೋಣ ಎಂದರೆ ಟೈಲ್ಸಿನ ಅಂದ ಕೆಡುತ್ತದಂತೆ. ಹಾಗಾಗಿ ಅಜ್ಜಿ ಟವೆಲ್ ಕಂಬಿಯನ್ನೇ ಹಿಡಿಯುತ್ತಾರೆ. ಅದು ಟವೆಲ್‌ ಭಾರಕ್ಕೆಂದು ಮಾಡಿದ್ದು. ಸ್ಕ್ರೂ ಸಮೇತ ಕೈಗೇ ಬರುತ್ತದೆ.

ಬಿದ್ದವರನ್ನು ಎಲ್ಲರೂ ಕೇಳುವ ಪ್ರಶ್ನೆ, ‘ಅದು ಹೇಗೆ ಬಿದ್ರಿ?’ ನೆಲವನ್ನು, ದೀಪವನ್ನು, ಮಾತ್ರೆಯನ್ನು ಯಾರೂ ವಿಚಾರಣೆಗೆ ಕರೆಯುವುದಿಲ್ಲ. ಹೀಗೆ ನಾಲ್ಕು ಸಲ ಬೈಸಿಕೊಂಡವರು ಚುರುಕಾಗುತ್ತಾರೆ. ಐದನೇ ಸಲ ಬಿದ್ದಾಗ ಗೋಡೆ ಹಿಡಿದು ಎದ್ದು, ಮೊಣಕೈಯ ಗಾಯಕ್ಕೆ ತುಂಬು ತೋಳಿನ ಅಂಗಿ ಹಾಕಿಕೊಳ್ಳುತ್ತಾರೆ. ಡಾಕ್ಟರು ‘ಈ ವರ್ಷ ಎಲ್ಲಾದರೂ ಬಿದ್ದಿದ್ರಾ?’ ಎಂದರೆ ‘ಇಲ್ಲಪ್ಪ’ ಅನ್ನುತ್ತಾರೆ. ಡಾಕ್ಟರು ಹಾಗೆಯೇ ಬರೆದುಕೊಳ್ಳುತ್ತಾರೆ. ವರ್ಷದ ಕೊನೆಗೆ ಬಿದ್ದವರ ಸಂಖ್ಯೆ ಕಾಗದದಲ್ಲಿ ಇಳಿಯುತ್ತದೆ, ಜಾಗೃತಿ ಫಲ ಕೊಟ್ಟಿತು ಎಂದು ವರದಿ ಮೇಲಕ್ಕೆ ಹೋಗುತ್ತದೆ.